ಟೀಶರ್ಟಿನ ಮೇಲೆ ದಪ್ಪಗಾದ ಮುಧೋಳ ನಾಯಿ

“ನಾಯಿ ಛಲೋ ಐತ್ರಿ ಸಾಹೇಬ್ರ, ಆದರ ಇದಕ್ಕ ಹೊಟ್ಟಿ ಯಾಕ ಬಂದೈತಿ? ನಮ್ಮ ನಾಯಿಗೋಳಿಗೆ ಹೊಟ್ಟಿನ ಇರೂದಿಲ್ರಿ.”

ಮುಧೋಳ ಬಸ್ ನಿಲ್ದಾಣದಲ್ಲಿ ಹೆಗಲಿಗೆ ಕಂಬಳಿ ಹಾಕಿಕೊಂಡಿದ್ದ ಹಿರಿಯ ಕುರಿಗಾರರೊಬ್ಬರು ನನ್ನ ಟೀಶರ್ಟನ್ನೇ ನೋಡುತ್ತ ಕೇಳಿದರು. ಅದರ ಮೇಲಿದ್ದ ಮುಧೋಳ ನಾಯಿ ನಾನೇ ಬರೆದದ್ದು. ಆರ್ಡರ್ ಬಂದಷ್ಟೇ ಅಚ್ಚು ಹಾಕಿ ಕಳಿಸುವ ಆನ್‌ಲೈನ್ ಅಂಗಡಿಗೆ ಚಿತ್ರ ಕೊಟ್ಟು, ಮೊದಲ ಟೀಶರ್ಟನ್ನು ನಾನೇ ತರಿಸಿಕೊಂಡು ಹೆಮ್ಮೆಯಿಂದ ತೊಟ್ಟಿದ್ದೆ.

“ತೆಳ್ಳಗ ತಗದೇನ್ರಿ ಕಾಕಾ” ಎಂದು ಮೊಬೈಲಿನಲ್ಲಿದ್ದ ಮೂಲ ಚಿತ್ರ ತೋರಿಸಿದೆ. ಅವರು ಅದನ್ನು ನೋಡಿದರು, ಆಮೇಲೆ ನನ್ನ ಹೊಟ್ಟೆಯನ್ನೂ ನೋಡಿದರು. “ಹಂಗಾರ ನಾಯಿದೇನೂ ತಪ್ಪಿಲ್ಲ ಬಿಡ್ರಿ” ಎಂದು ಬಸ್ಸು ಹತ್ತಿದರು.

ಚಿತ್ರವನ್ನು ನಾನು ತಿದ್ದಲಿಲ್ಲ. ದಿನಾ ಬೆಳಿಗ್ಗೆ ಅದೇ ಟೀಶರ್ಟು ತೊಟ್ಟು ಕಾಲುವೆಯವರೆಗೆ ನಡೆಯುತ್ತೇನೆ. ನಾಯಿ ಈಗೀಗ ಕೊಂಚ ಇಳಿದಿದೆ.