ಮಣ್ಣಿನೊಳಗಿನ ಟಕ್ ಟಕ್ ಸದ್ದು

ಎರಡು ವರ್ಷದ ಹಿಂದಿನ ಬೇಸಿಗೆ. ಹಳೆಯ ಮೋಟಾರು, ಪಂಪುಗಳನ್ನು ಕೊಂಡು ರಿಪೇರಿ ಮಾಡಿ ಮಾರುವುದು ಮಳವಳ್ಳಿಯಲ್ಲಿ ನನ್ನ ಕಸುಬು. ಪೂರಿಗಾಲಿ ಕಡೆಯ ರೈತರೊಬ್ಬರು ತಮ್ಮ ತೆರೆದ ಬಾವಿಯ ಹೂಳು ಎತ್ತಿಸುತ್ತಿದ್ದರು. ಆಳ ನೋಡಿಕೊಂಡು ಮೋಟಾರಿನ ವ್ಯಾಪಾರ ಕುದುರಿಸೋಣವೆಂದು ಬೆಳಿಗ್ಗೆಯೇ ಹೊರಟೆ. ರಜೆಗೆ ಬಂದಿದ್ದ ತಂಗಿಯ ಮಗಳು ಸೌಮ್ಯಳೂ ಜೊತೆಗೆ ಬಂದಳು.

ಹೂಳೆತ್ತುತ್ತಿದ್ದವನು ನನ್ನ ಬಹಳ ವರ್ಷದ ಗೆಳೆಯ ಸಿದ್ದಣ್ಣ. ಮೇಲೆ ನಿಂತು ಹೂಳು ತುಂಬಿದ ಮಂಕರಿಯನ್ನು ಹಗ್ಗದಲ್ಲಿ ಎಳೆಯುತ್ತಿದ್ದವರಲ್ಲಿ ಅವನ ಹೆಂಡತಿ ಜಯಮ್ಮನೂ ಇದ್ದಳು. ಗೋಡೆ ತೇವವಾಗಿದೆ, ಒಂದು ದಿನ ಒಣಗಲಿ ಎಂದೆ. "ನಿನ್ ಮೋಟ್ರು ರೇಟಿನಂಗೆ ಬಾವಿ ತಾವೂ ಚೌಕಾಸಿ ಮಾಡ್ಬೇಡ ಕಣ್ಲಾ" ಎಂದು ನಗುತ್ತಾ ಇಳಿದ. ಸ್ವಲ್ಪ ಹೊತ್ತಿಗೆ ಗೋಡೆ ಕುಸಿಯಿತು. ಬಾವಿಯ ತುಂಬ ಮಣ್ಣು.

ರಕ್ಷಣಾ ತಂಡದವರು ಜೆಸಿಬಿ ತರಿಸಿದರು. ಮಣ್ಣಿಗೆ ಸರಳು ಚುಚ್ಚಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಳಗಿನ ಸದ್ದು ಕೇಳುವ ಯಂತ್ರವೂ ಅವರಲ್ಲಿತ್ತು. ಮೊದಲು ಪೂರ್ವದ ಮೂಲೆಗೆ ಚುಚ್ಚಿದರು. ಟಕ್ ಟಕ್ ಎಂದು ಕೇಳಿಸಿತು. ಬೇರೆಲ್ಲೂ ನೋಡದೆ ಅಲ್ಲೇ ಅಗೆಯಲು ಶುರುಮಾಡಿದರು. ಗಂಡ ಪಶ್ಚಿಮದ ಮೆಟ್ಟಿಲ ಹತ್ತಿರ ಇದ್ದ ಎಂದು ಅಲ್ಲಿಯವರೆಗೆ ಹೇಳುತ್ತಿದ್ದ ಜಯಮ್ಮ ಕೂಡ ಹೆಡ್‌ಫೋನಿನಲ್ಲಿ ಆ ಸದ್ದು ಕೇಳಿದ ಮೇಲೆ ಮಾತು ಬದಲಿಸಿದಳು. "ನಮ್ಮನೆಯೋರೇ ಕಣಣ್ಣ, ಬದುಕವ್ರೆ" ಎಂದು ನನ್ನ ಕೈ ಹಿಡಿದುಕೊಂಡಳು.

ಸೌಮ್ಯಳಿಗೆ ಮಾತ್ರ ನಂಬಿಕೆ ಬರಲಿಲ್ಲ. ಅವಳ ಕೆಲಸವೇ ಅಂಥದ್ದು. ಆಕಾಶದಲ್ಲಿ ಬಹುದೂರ ಎರಡು ಕಪ್ಪುಕುಳಿಗಳು ಡಿಕ್ಕಿಯಾದರೆ ಗುರುತ್ವದ ಅಲೆ ಏಳುತ್ತದಂತೆ. ಅದನ್ನು ಹಿಡಿಯುವ ಯಂತ್ರಗಳಿವೆ. ಆದರೆ ಪಕ್ಕದಲ್ಲಿ ಲಾರಿ ಹೋದರೂ, ಯಂತ್ರ ತಾನೇ ಅದುರಿದರೂ ಅಲೆ ಬಂದ ಹಾಗೆಯೇ ಕಾಣುತ್ತದಂತೆ. ನಿಜ ಯಾವುದು, ಯಂತ್ರದ ಗಲಾಟೆ ಯಾವುದು ಎಂದು ಬೇರ್ಪಡಿಸುವುದರಲ್ಲೇ ಅವಳ ದಿನ ಕಳೆಯುತ್ತದೆ.

ಅವಳು ರಕ್ಷಣಾ ತಂಡದ ಅಧಿಕಾರಿಯ ಹತ್ತಿರ ಹೋಗಿ ಎಲ್ಲ ಇಂಜಿನ್ ನಿಲ್ಲಿಸಲು ಕೇಳಿದಳು. ನಿಲ್ಲಿಸಿದರೂ ಸದ್ದು ಬರುತ್ತಲೇ ಇತ್ತು. ಜನ ಅವಳನ್ನು ಗದರಿದರು. ಅವಳು ಬಿಡಲಿಲ್ಲ. ಸರಳನ್ನು ಕಿತ್ತು ದೂರದ ತೆಂಗಿನ ತೋಟದಲ್ಲಿ ಚುಚ್ಚಿಸಿದಳು. ಅಲ್ಲೂ ಅದೇ ಟಕ್ ಟಕ್.

"ಮಾವ, ಇದು ಯಂತ್ರದ್ದೇ ಸದ್ದು. ಕೆಳಗಿಂದ ಏನೂ ಬರ್ತಿಲ್ಲ" ಎಂದಳು ಮೆಲ್ಲಗೆ.

ಯಾವ ವ್ಯವಹಾರವನ್ನೂ ನಡುವೆ ಎಲ್ಲೋ ಒಂದು ಕಡೆ ತಂದು ಮುಗಿಸುವವನು ನಾನು. ಅರ್ಧಕ್ಕರ್ಧ ಇರಬಹುದು ಅಂತಲಾದರೂ ಹೇಳು, ಜಯಮ್ಮನ ಮುಖ ನೋಡು ಎಂದೆ.

"ಅರ್ಧ ಅನ್ನೋಕೂ ಅಲ್ಲೇನಾದ್ರೂ ಇರ್ಬೇಕಲ್ಲ ಮಾವ. ನಾನು ಸುಮ್ನಿದ್ರೆ ಇವ್ರು ತಪ್ಪು ಜಾಗ ಅಗೀತಾನೇ ಇರ್ತಾರೆ."

ಅಧಿಕಾರಿ ಯಂತ್ರದ ವೈರು ಬದಲಾಯಿಸಿದರು. ಸದ್ದು ನಿಂತುಹೋಯಿತು. ಆಮೇಲೆ ಬಾವಿಯ ಸುತ್ತ ಎಲ್ಲಿ ಚುಚ್ಚಿದರೂ ಏನೂ ಕೇಳಿಸಲಿಲ್ಲ.

ಜಯಮ್ಮ ಮೊದಲು ಹೇಳಿದ್ದ ಮೆಟ್ಟಿಲ ಕಡೆ ಅಗೆದರು. ಹೊತ್ತು ಮುಳುಗುವ ಮುಂಚೆ ಸಿದ್ದಣ್ಣ ಅಲ್ಲೇ ಸಿಕ್ಕಿದ. ಮಣ್ಣು ಬಿದ್ದ ಕೂಡಲೇ ಜೀವ ಹೋಗಿದೆ ಎಂದರು ಡಾಕ್ಟರು.

ಜಯಮ್ಮ ಅಳಲಿಲ್ಲ. ಸೌಮ್ಯಳ ಎದುರಿಗೆ ಬಂದು ನಿಂತಳು. "ಮದ್ದಾನದ್ ಗಂಟ ನನ್ ಗಂಡ ಬದುಕಿದ್ದ ಕಣವ್ವ. ನೀನ್ ಬಂದು ಸಾಯಿಸ್ಬುಟ್ಟೆ."

ಸೌಮ್ಯ ತಲೆ ತಗ್ಗಿಸಿ ಕೇಳಿಸಿಕೊಂಡಳು. ಇಬ್ಬರೂ ವಾಪಸು ಹೊರಟೆವು. ಮಳವಳ್ಳಿ ಹತ್ತಿರವಾದಾಗ, ಸುಳ್ಳು ಸದ್ದೊಂದನ್ನು ಹಿಡಿದರೆ ತಾನು ಕೆಲಸ ಮಾಡುವ ಕಡೆ ಎಲ್ಲರೂ ಖುಷಿಪಡುತ್ತಾರೆ ಎಂದಳು. "ಅಲ್ಲಿ ಯಾರೂ ಬಾವಿ ದಡದಲ್ಲಿ ಕೂತಿರಲ್ಲ ಮಾವ."

ಓದುವವರಿಗೆ ಒಂದು ಮಾತು. ಇಂಥ ಹೊತ್ತಿನಲ್ಲಿ ಯಾರಾದರೂ ಯಂತ್ರ ತಂದರೆ, ಮೊದಲು ಖಾಲಿ ನೆಲದಲ್ಲಿ ಇಟ್ಟು ತೋರಿಸಿ ಎಂದು ಕೇಳಿ. ಸಂಕೋಚ ಬೇಡ. ಯಾರು ಬೈದರೂ ಕೇಳಿ.

ಜಯಮ್ಮ ಈಗಲೂ ಆಗಾಗ ಅಂಗಡಿಗೆ ಬರುತ್ತಾಳೆ. ಕೊಳ್ಳುವುದೇನೂ ಇರುವುದಿಲ್ಲ. ಗಿರಾಕಿಗಳು ಹೋಗುವ ತನಕ ಬಾಗಿಲಲ್ಲಿ ನಿಂತಿದ್ದು ಕೇಳುತ್ತಾಳೆ: "ಅದ್ರಲ್ಲಿ ಒಂದ್ ಸದ್ದಾರ ಅವ್ರುದ್ದಿತ್ತಾ ಅಣ್ಣ?"

ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇತ್ತು ಎನ್ನಲೂ ಬರುವುದಿಲ್ಲ.