ಅಂಚಿನ ಬೀಮಿನ ರಿಂಗುಗಳು

ಆ ಸೇತುವೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಹೆದ್ದಾರಿಯಲ್ಲಿ ಸಣ್ಣ ಹೊಳೆಯೊಂದನ್ನು ದಾಟುತ್ತದೆ, ಅಷ್ಟೆ. ಅದನ್ನು ಕಟ್ಟುವಾಗ ನಾನು ಕಬ್ಬಿಣದ ಕೆಲಸದ ಮೇಸ್ತ್ರಿಯಾಗಿದ್ದೆ. ಈಗ ಶಕ್ತಿನಗರದಿಂದ ಮಗಳ ಮನೆಗೆ ಅದೇ ದಾರಿ. ಬಸ್ಸು ಅದರ ಮೇಲೆ ಬಂದ ಕೂಡಲೇ ಎದುರಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿಯುತ್ತೇನೆ.

ಸೇತುವೆಯಲ್ಲಿ ಮೊದಲು ಉದ್ದದ ಬೀಮುಗಳು ಆಗುತ್ತವೆ. ಅವುಗಳ ತಲೆಯಿಂದ ರಾಡಿನ ರಿಂಗುಗಳು ಮೇಲೆದ್ದು ನಿಂತಿರುತ್ತವೆ. ಆಮೇಲೆ ಹಾಕುವ ಸ್ಲ್ಯಾಬಿನ ಕಾಂಕ್ರೀಟು ಆ ರಿಂಗುಗಳನ್ನು ಕಚ್ಚಿಕೊಂಡರೆ ಬೀಮು, ಸ್ಲ್ಯಾಬು ಎರಡೂ ಒಂದಾಗಿ ಭಾರ ಹೊರುತ್ತವೆ. ಕಚ್ಚದಿದ್ದರೆ ಒಂದರ ಮೇಲೊಂದು ಸುಮ್ಮನೆ ಇಟ್ಟ ಹಲಗೆಗಳ ಹಾಗೆ. ಲಾರಿ ಬಂದಾಗ ಬೇರೆಬೇರೆಯಾಗಿ ಬಾಗಿ, ನಡುವೆ ಜಾರುತ್ತವೆ. ಇದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ.

ಅಂಚಿನ ಬೀಮಿನ ರಿಂಗುಗಳನ್ನು ನಾನು ಅಳತೆ ತಪ್ಪಿ ಎತ್ತರವಾಗಿ ಕಟ್ಟಿಸಿದ್ದೆ. ಅವುಗಳ ಮೇಲೆ ಸ್ಲ್ಯಾಬಿನ ಕಬ್ಬಿಣದ ಜಾಲರಿ ಕೂರುತ್ತಿರಲಿಲ್ಲ. ಇಂಜಿನಿಯರಿಗೆ ಹೇಳಿದರೆ ಕೆಲಸ ನಿಲ್ಲುತ್ತಿತ್ತು, ಕಾರಣ ನಾನೆಂದು ತಿಳಿಯುತ್ತಿತ್ತು. ಮಡಚಿ ಹಾಕಿ ಎಂದೆ. ಕೆಲಸದವರು ಸುತ್ತಿಗೆಯಲ್ಲಿ ಹೊಡೆದು ಅವನ್ನು ಬೀಮಿನ ಮೇಲೆ ಮಲಗಿಸಿದರು. ಮೇಲೆ ಜಾಲರಿ ಬಂತು.

"ಅಂಚಿನ ಬದಿ ಎಲ್ಲ ಸರಿ ಉಂಟಲ್ಲ ಮೇಸ್ತ್ರಿ?" ಎಂದು ಇಂಜಿನಿಯರು ದೂರದಿಂದಲೇ ಕೇಳಿದರು.

"ಉಂಟು ಸಾರ್."

ಕಾಂಕ್ರೀಟು ಬಿತ್ತು.

ಈ ಸಲ ಮಳೆ ನಿಂತ ಮೇಲೆ ಆ ಬದಿಯ ಡಾಂಬರು ಉದ್ದಕ್ಕೆ ಬಿರಿದದ್ದು ಬಸ್ಸಿನಿಂದಲೇ ಕಂಡಿತು. ಕೆಳಗೆ ಪರೀಕ್ಷೆಗೆ ಅಟ್ಟಣಿಗೆ ಕಟ್ಟುತ್ತಿದ್ದರು. ವಾಪಸು ಬರುವಾಗ ನಾನು ನಂತೂರಿನಲ್ಲೇ ಇಳಿದು ಬ್ಯಾರಿ ಸ್ನೇಹಿತನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅವನು ಆ ಸೇತುವೆಗೆ ಸೆಂಟ್ರಿಂಗ್, ಎಂದರೆ ಕಾಂಕ್ರೀಟಿಗೆ ಹಲಗೆ ಕಟ್ಟುವ ಕೆಲಸ, ಮಾಡಿದವನು. ರಿಂಗು ಮಡಚಿದ್ದನ್ನು ನೋಡಿದ್ದ.

"ಅದನ್ನೆಲ್ಲ ಈಗ ಎಂತಕ್ಕೆ ತೆಗಿಯುದು ಮಾರಾಯ? ಬಿದ್ದಿಲ್ಲ ಅಲ್ವಾ?"

"ಬೀಳುವವರೆಗೆ ಕಾಯುದಾ?"

"ನಿದ್ದೆ ಬರುದಿಲ್ಲಾಂದ್ರೆ ಡಾಕ್ಟ್ರ ಹತ್ರ ಹೋಗು. ಮಾತ್ರೆ ಕೊಡ್ತಾರೆ."

"ನೀನು ಆ ಸೇತುವೆ ಮೇಲೆ ಹೋಗ್ತೀಯಾ?"

ಅವನು ಮೊಳೆ ತೂಗುತ್ತಿದ್ದ ಕೈ ನಿಲ್ಲಿಸಿದ. "ಇಲ್ಲ. ನಾನು ಸುತ್ತು ಹಾಕಿ ಹೋಗುದು." ತಕ್ಕಡಿ ಕೆಳಗಿಟ್ಟು ಹೇಳಿದ, "ಹೇಳುದಾದ್ರೆ ಹೇಳು. ನಾನೂ ನೋಡಿದ್ದೇನೇಂತ ಹೇಳು."

ಮರುದಿನ ಸೇತುವೆಯ ಕೆಳಗೆ ಇಳಿದೆ. ಪರೀಕ್ಷೆ ಮಾಡುತ್ತಿದ್ದ ಇಂಜಿನಿಯರು ಮಗಳ ಪ್ರಾಯದ ಹೆಂಗಸು.

"ಅಜ್ಜ, ಇಲ್ಲಿ ಬರ್ಬೇಡಿ, ಕಲ್ಲು ಬೀಳ್ತದೆ."

ನಿಂತಲ್ಲೇ ಎಲ್ಲ ಹೇಳಿದೆ. ಯಾವ ಬೀಮು ಎಂದು ಕೇಳಿದರು. ತೋರಿಸಿದೆ.

"ಪೂರ್ತಿ ಉದ್ದಕ್ಕಾ?"

"ಅರ್ಧದವರೆಗೆ ನಾನೇ ನಿಂತು ಮಾಡಿಸಿದ್ದು. ಉಳಿದದ್ದು ನೋಡ್ಲಿಲ್ಲ."

ಅವರು ಬೈಯಲಿಲ್ಲ. ಫೋನು ತೆಗೆದು, ಆ ಬದಿಯ ರಸ್ತೆ ಮುಚ್ಚಲು ಹೇಳಿದರು. ನನ್ನ ನಂಬರು ಬರೆದುಕೊಂಡು, "ಸ್ಲ್ಯಾಬ್ ಒಡೆದು ನೋಡುವ ದಿನ ನೀವು ಇರ್ಬೇಕು," ಎಂದರು.

ಈಗ ವಾಹನಗಳೆಲ್ಲ ಒಂದೇ ಬದಿಯಲ್ಲಿ ತೆವಳುತ್ತವೆ. ಮೊನ್ನೆ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಯಾವನೋ ಕೆಲಸ ಇಲ್ಲದವ ಬಂದ್ ಮಾಡಿಸಿದ್ದು," ಎಂದು ಬೈಯುತ್ತಿದ್ದ. ನಾನೇ ಎಂದು ಹೇಳಿ ಅಲ್ಲೇ ಇಳಿದೆ. ಸ್ಲ್ಯಾಬನ್ನು ಇನ್ನೂ ಒಡೆದು ನೋಡಿಲ್ಲ. ಕರೆ ಬರುವವರೆಗೆ ಮನೆಯಲ್ಲಿ ಕೂರಲಾಗದೆ ದಿನವೂ ಹೋಗಿ ಆ ಬೀಮಿನ ಕೆಳಗೆ ನಿಲ್ಲುತ್ತೇನೆ.