ಒಡೆಯದ ಕುಂಬಳಕಾಯಿಯ ಹಾಡು

ಆ ಹಾಡು ಈಗಲೂ ಆಕ್ಲೆಂಡಿನ ರೇಡಿಯೋದಲ್ಲಿ ಬರುತ್ತದೆ. ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನು ಮಾತ್ರ ಸ್ಟೇಷನ್ ಬದಲಾಯಿಸುತ್ತೇನೆ.

ಹಿಂಬದಿಯಲ್ಲಿ ಸಾಮಾನು ಹೇರುವ ಯೂಟ್ ಗಾಡಿಯೊಂದನ್ನು ನಾನು ಕೊಂಡಾಗ ಅಮ್ಮ ಮೈಸೂರಿನಿಂದ ಬಂದಿದ್ದಳು. ಪೂಜೆ ಆಗಲೇಬೇಕೆಂದು ಹಟ ಹಿಡಿದವನು ನಾನು. "ಬೇಡ ಕಣೋ, ಪಕ್ಕದ ಮನೆಯೋರು ಏನಂದ್ಕೊಳ್ತಾರೋ. ದೇವರ ಮುಂದೆ ಕೀ ಇಟ್ಟು ಕೈ ಮುಗಿದ್ರೆ ಸಾಕು" ಅಂದಳು ಅಮ್ಮ. ನಾನು ಕೇಳಲಿಲ್ಲ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆ. ನಮ್ಮ ಬಡಾವಣೆ ಮೌಂಟ್ ರಾಸ್ಕಿಲ್‌ನ ಅಂಗಡಿಗಳಲ್ಲಿ ಅಂದು ಬೂದುಗುಂಬಳ ಇರಲಿಲ್ಲ. ಇಲ್ಲಿಯದೇ ಒಂದು ಕುಂಬಳಕಾಯಿ ತಂದು, ತೂತು ಕೊರೆದು, ಕುಂಕುಮದ ನೀರು ತುಂಬಿ, ದೃಷ್ಟಿ ನಿವಾಳಿಸಿ ನೆಲಕ್ಕೆ ಅಪ್ಪಳಿಸಿದೆ.

ಇಲ್ಲಿನ ಕುಂಬಳದ ಸಿಪ್ಪೆ ಕಲ್ಲಿನಂಥದ್ದು ಎಂದು ನನಗೇನು ಗೊತ್ತು! ಒಡೆಯಲಿಲ್ಲ. ಪುಟಿದು, ಕೆಂಪು ಕಾರುತ್ತ ಇಳಿಜಾರಿನಲ್ಲಿ ಉರುಳಿ, ಪಕ್ಕದ ಮನೆಯ ಲೆಟರ್‌ಬಾಕ್ಸ್ ಕೆಡವಿ ನಿಂತಿತು. ಆ ಮನೆಯ ಬಿಳಿಯ ಮುದುಕ ಕ್ಲಬ್ಬಿನಲ್ಲಿ ಕಂಟ್ರಿ ಹಾಡು ಹಾಡುವವನು. ಬರಿಗಾಲಲ್ಲಿ ಓಡಿಬಂದು, ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದ.

ಮರ್ಯಾದೆಯೆಲ್ಲ ಮಣ್ಣುಪಾಲಾದಂತಾಯಿತು. "ನನ್ನದೇನೂ ಇಲ್ಲ, ಎಲ್ಲ ಅಮ್ಮನದು. ಹಳೇ ಕಾಲದವಳು" ಎಂದುಬಿಟ್ಟೆ. ಇಂಗ್ಲಿಷ್ ತಿಳಿಯದ ಅಮ್ಮ ಬಾಗಿಲಲ್ಲಿ ನಿಂತು ಅವನಿಗೆ ನಮಸ್ಕಾರ ಮಾಡುತ್ತಿದ್ದಳು.

ಮುದುಕ ಆ ಪ್ರಸಂಗದ ಮೇಲೆಯೇ ಒಂದು ಹಾಡು ಕಟ್ಟಿದ. ನನ್ನ ಆ ಮಾತೇ ಅದರ ಪಲ್ಲವಿಯಾಯಿತು. ಮುದುಕ ಕೆಟ್ಟವನಲ್ಲ, ನನ್ನನ್ನು ಕೇಳಿಯೇ ರೆಕಾರ್ಡ್ ಮಾಡಿದ. ನಾನೂ ಹಲ್ಲು ಕಿರಿದು ಹೂಂ ಅಂದೆ. ಹಟ ನನ್ನದು ಎಂದು ಹೇಳಲು ಆಗಲೂ ಬಾಯಿ ಬರಲಿಲ್ಲ. ನೆನೆದರೆ ಇವತ್ತಿಗೂ ಮುಖ ಎತ್ತಲಾಗುವುದಿಲ್ಲ.

ಮರುವರ್ಷ ಅಮ್ಮ ಮತ್ತೆ ಬರುವ ಹೊತ್ತಿಗೆ ಹಾಡು ಎಲ್ಲೆಲ್ಲೂ ಹಬ್ಬಿತ್ತು. ಅರ್ಥ ತಿಳಿಯದಿದ್ದರೂ ರಾಗ ಹಿಡಿಸಿ, ಸಾರು ಕುದಿಸುತ್ತ ಅದನ್ನೇ ಗುನುಗುತ್ತಿದ್ದಳು. ಒಂದು ಭಾನುವಾರ ನನ್ನ ಮಗಳು ತಡೆಯಲಾರದೆ, "ಅಜ್ಜಿ, ದಟ್ಸ್ ಯೂ! ಪಂಪ್ಕಿನ್ ಅಜ್ಜಿ ನೀನೇ. ಎವೆರಿಬಡಿ ನಗ್ತಾರೆ" ಅಂದುಬಿಟ್ಟಳು. ಪಲ್ಲವಿಯನ್ನೂ ಹರುಕುಮುರುಕು ಕನ್ನಡದಲ್ಲಿ ಹೇಳಿದಳು.

ಅಮ್ಮ ಒಲೆ ಆರಿಸಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಅದ್ರಲ್ಲಿ ನಿನ್ನನ್ನೇನಾದ್ರೂ ಆಡ್ಕೊಂಡಿದಾರೇನೋ?" ಎಂದು ಕೇಳಿದಳು.

"ಇಲ್ಲಮ್ಮ."

"ಹಾಗಾದ್ರೆ ಸರಿ ಬಿಡು" ಎಂದು ನನಗೆ ತಟ್ಟೆ ಹಾಕಿದಳು.